ಹಗ್ಗದ ಈ ತುದಿಯಲ್ಲಿ ರಾಟೆಯಣ್ಣ

ಬೆಳಗಿನ ಐದೂಮುಕ್ಕಾಲು. ಬೆಟ್ಟದ ನೆತ್ತಿಯ ಈ ಪುಟ್ಟ ವಿಮಾನ ಬಯಲಿಗೆ ಬೆಳಕು ಇನ್ನೂ ಪೂರ್ತಿ ಬಂದಿಲ್ಲ. ಇಬ್ಬನಿ ಕೂತ ಹುಲ್ಲಿನ ಮೇಲೆ ನೀಳವಾಗಿ ಬಿದ್ದಿರುವ ಹಗ್ಗವನ್ನು ಎಡಗೈಯಲ್ಲಿ ಎತ್ತಿಕೊಂಡು, ಬೆರಳುಗಳ ನಡುವೆ ಜಾರಿಸುತ್ತ, ಐವತ್ತೆಂಟು ವರ್ಷದ ಒಬ್ಬರು ಮೆಲ್ಲಗೆ ನಡೆಯುತ್ತಿದ್ದಾರೆ. ಹಗ್ಗ ಪೆನ್ಸಿಲ್ಲಿಗಿಂತ ಸಪೂರ. ಉದ್ದ ಆರುನೂರ ಎಂಬತ್ತು ಮೀಟರ್. ಅಷ್ಟನ್ನೂ ಅವರು ದಿನವೂ ಬರಿಗೈಯಲ್ಲಿ ಮುಟ್ಟಿ ನೋಡುತ್ತಾರೆ. ಚಳಿಗೆ ಬೆರಳು ಸೆಟೆದುಕೊಂಡರೆ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು ಮತ್ತೆ ಮುಂದುವರಿಯುತ್ತಾರೆ.

“ಕೈಗವಸು ಹಾಕ್ಕೊಂಡು ಮುಟ್ಟಿದ್ರೆ ಹಗ್ಗ ‘ನಾನು ಚೆನ್ನಾಗಿದೀನಿ’ ಅಂತ್ಲೇ ಹೇಳುತ್ತೆ. ಬರಿಗೈ ಹತ್ರ ಮಾತ್ರ ನಿಜ ಹೇಳೋದು” ಎನ್ನುತ್ತಾರೆ. ಅಷ್ಟು ಹೇಳಿ ಮುನ್ನೂರು ಹೆಜ್ಜೆ ಸುಮ್ಮನೆ ನಡೆಯುತ್ತಾರೆ. ಒಂದು ಕಡೆ ನಿಲ್ಲುತ್ತಾರೆ. ಅಲ್ಲಿ ಕೂದಲಿನಷ್ಟು ನವಿರಾದ ಎರಡು ಎಳೆ ಮೇಲೆದ್ದಿವೆ. ಕಿಸೆಯಿಂದ ಕೆಂಪು ದಾರ ತೆಗೆದು ಗುರುತಿಗೆ ಕಟ್ಟಿ, ಹೆಣೆದು ಸರಿಪಡಿಸಲು ಅಲ್ಲೇ ಮಂಡಿಯೂರುತ್ತಾರೆ. ಹಗ್ಗದ ಕೊನೆ ಮುಟ್ಟುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿದೆ.

ಇಲ್ಲಿ ಎಲ್ಲರೂ ಅವರನ್ನು ರಾಟೆಯಣ್ಣ ಎಂದೇ ಕರೆಯುತ್ತಾರೆ. ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಒಮ್ಮೆ ಮೇಲೆ ಹೋದರೆ ಹದ್ದಿನ ಹಾಗೆ ತನ್ನಷ್ಟಕ್ಕೆ ತೇಲುತ್ತದೆ. ಆದರೆ ಅದನ್ನು ಮೇಲಕ್ಕೆ ಕಳಿಸುವವರು ಯಾರಾದರೂ ಬೇಕು. ಬಯಲುಸೀಮೆಗಳಲ್ಲಿ ಇನ್ನೊಂದು ವಿಮಾನ ಅದನ್ನು ಕಟ್ಟಿಕೊಂಡು ಏರುತ್ತದೆ. ಇಲ್ಲಿ ಅದು ಆಗದ ಮಾತು. ಬಯಲು ಸಮುದ್ರಮಟ್ಟದಿಂದ ಎರಡು ಸಾವಿರದ ಮುನ್ನೂರು ಮೀಟರ್ ಎತ್ತರದಲ್ಲಿದೆ, ಉದ್ದವೋ ಬರೀ ಏಳುನೂರ ಇಪ್ಪತ್ತು. ಒಂದು ತುದಿಗೆ ಕಲ್ಲಿನ ಗೋಡೆ, ಇನ್ನೊಂದು ತುದಿಗೆ ಪ್ರಪಾತ. ತೆಳು ಗಾಳಿಯಲ್ಲಿ ಏದುಸಿರು ಬಿಡುವ ವಿಮಾನ ಇನ್ನೊಂದನ್ನು ಎಳೆದುಕೊಂಡು ನೆಲ ಬಿಡುವ ಹೊತ್ತಿಗೆ ಬಯಲೇ ಮುಗಿದಿರುತ್ತದೆ. ಹಾಗಾಗಿ ಪ್ರಪಾತದ ಕಡೆಯ ತುದಿಯಲ್ಲಿ ಒಂದು ವಿಂಚ್ ಕೂತಿದೆ. ಹಳೆಯ ಲಾರಿಯೊಂದರ ಎಂಜಿನ್, ಅದಕ್ಕೆ ಜೋಡಿಸಿದ ದೊಡ್ಡ ಉರುಳೆ, ಉರುಳೆಗೆ ಸುತ್ತಿಕೊಳ್ಳುವ ಹಗ್ಗ. ಹಗ್ಗದ ಆ ತುದಿಗೆ ಗ್ಲೈಡರ್, ಈ ತುದಿಗೆ ರಾಟೆಯಣ್ಣ. ಗಾಳಿಪಟ ಹಿಡಿದು ಓಡುವವನ ಕೆಲಸವನ್ನು ಅವರು ಕೂತಲ್ಲೇ ಮಾಡುತ್ತಾರೆ.

“ಇಲ್ಲಿನ ಗಾಳಿ ನೀರು ಬೆರೆಸಿದ ಹಾಲು ಇದ್ದ ಹಾಗೆ. ಹೊಟ್ಟೆ ತುಂಬಬೇಕಂದ್ರೆ ಎರಡು ಲೋಟ ಜಾಸ್ತಿ ಕುಡೀಬೇಕು. ಅಂದ್ರೆ ಕೆಳಗಿನ ಬಯಲಿಗಿಂತ ಇಲ್ಲಿ ಜೋರಾಗಿ ಎಳೀಬೇಕು. ನಮ್ಮ ಎಂಜಿನ್ನೂ ಅದೇ ಗಾಳಿ ಕುಡಿಯೋದಲ್ವಾ? ಅದಕ್ಕೂ ಸುಸ್ತು. ಇಬ್ಬರು ಸುಸ್ತಾದವರ ಮಧ್ಯೆ ನಾನು ನ್ಯಾಯ ಹೇಳ್ಬೇಕು.”

ಒಂದು ಎಳೆತಕ್ಕೆ ಮೂವತ್ತು ಸೆಕೆಂಡು. ಅಷ್ಟರಲ್ಲಿ ಗ್ಲೈಡರ್ ಇನ್ನೂರು ಮೀಟರಿನಷ್ಟು ಮೇಲೇರಿ ಹಗ್ಗ ಬಿಡುತ್ತದೆ. ಒಳ್ಳೆಯ ದಿನ ಇಪ್ಪತ್ತೈದು ಎಳೆತ. ವರ್ಷಕ್ಕೆ ಏಳು ತಿಂಗಳು ಹಾರಾಟ, ಉಳಿದ ಐದು ತಿಂಗಳು ಬಿರುಗಾಳಿಯದೇ ರಾಜ್ಯ. ಹದಿನಾರು ವರ್ಷಗಳಲ್ಲಿ ಅವರ ಕೈಯಿಂದ ಮೇಲೆ ಹೋದವರ ಸಂಖ್ಯೆ ಅರವತ್ತು ಸಾವಿರ ದಾಟಿದೆಯಂತೆ. ಅವರಲ್ಲಿ ಯಾರೂ ಮೇಲಿನಿಂದ ಅವರತ್ತ ಕೈ ಬೀಸುವುದಿಲ್ಲ. ಹಗ್ಗ ಬಿಟ್ಟ ಮೇಲೆ ಎಲ್ಲರೂ ಆಕಾಶವನ್ನೇ ನೋಡುತ್ತಾರೆ. ಅವರಿಗೆ ಅದರ ಬಗ್ಗೆ ತಕರಾರಿಲ್ಲ. “ಕೈ ಬೀಸೋಕೆ ಹೋಗಿ ಗ್ಲೈಡರ್ ನಡೆಸೋ ಕಡ್ಡಿ ಬಿಟ್ಟರೆ ಕಷ್ಟ, ಬೇಡ” ಎಂದು ನಗುತ್ತಾರೆ.

ನೀವು ಹಾರಿದ್ದೀರಾ ಎಂದು ಕೇಳಿದರೆ ಮುಖ ಸಿಂಡರಿಸುತ್ತಾರೆ. “ನಾಲ್ಕು ಸಲ. ನಾಲ್ಕು ಸಲವೂ ಹೊಟ್ಟೆ ತೊಳೆಸ್ತು. ನಾನು ನೆಲದ ಪ್ರಾಣಿ ಸ್ವಾಮಿ. ಬೇರೆಯವರನ್ನ ಕಳಿಸೋದ್ರಲ್ಲೇ ನನಗೆ ಸುಖ.”

ಇದಕ್ಕೆ ಮೊದಲು ಅವರು ಬಸ್ ಚಾಲಕರಾಗಿದ್ದರು. ಬೆಟ್ಟದ ತಿರುವುಗಳಲ್ಲಿ ಹದಿನೈದು ವರ್ಷ. ಬೆನ್ನು ಕೈಕೊಟ್ಟಾಗ ಆ ಕೆಲಸ ಬಿಟ್ಟು, ಲಾರಿ ಎಂಜಿನ್ ಬಲ್ಲವರು ಬೇಕೆಂದು ಯಾರೋ ಹೇಳಿದ್ದನ್ನು ಕೇಳಿ ಮೇಲಕ್ಕೆ ಬಂದರು. ಮೊದಲ ವರ್ಷಗಳಲ್ಲಿ ಹಗ್ಗದ ಬದಲು ಉಕ್ಕಿನ ತಂತಿ ಇತ್ತು. ಅದು ಒಮ್ಮೆ ತುಂಡಾಗಿ ಬಂದು ಬಡಿದ ಗುರುತು ಬಲಗಾಲಿನ ಮೊಳಕಾಲ ಕೆಳಗೆ ಈಗಲೂ ಇದೆ. ಆಮೇಲೆ ವಿಂಚಿನ ಮುಂದೆ ಕಬ್ಬಿಣದ ಜಾಲರಿ ಬಂತು. ಎಂಜಿನ್ನಿನ ಪಕ್ಕದ ಎಡಗಿವಿ ಅರ್ಧ ಮಂದವಾಗಿದೆ. ಮನೆಯಾಕೆ ಆ ಕಡೆ ಕೂತು ಬೈದರೆ ಕೇಳುವುದಿಲ್ಲವೆಂದು ಅವರು ಎಡಕ್ಕೇ ಜಾಗ ಕೊಡುತ್ತಾರೆ ಎಂಬುದು ಬಯಲಿನ ಜೋಕು.

ಮನೆಯಾಕೆ ಅಂದರೆ ಟೈಲರಮ್ಮ. ವಿಮಾನ ನಿಲ್ಲಿಸುವ ಶೆಡ್ಡಿನ ಹಿಂದೆ ಅವರ ಎರಡು ಕೋಣೆ. ಮುಂದಿನ ಕೋಣೆಯ ಕಿಟಕಿಗೆ ಒತ್ತಿಕೊಂಡು ಹೊಲಿಗೆ ಯಂತ್ರ, ಅದರ ಸುತ್ತ ರೆಕ್ಕೆಗೆ ಹೊದಿಸುವ ಬಟ್ಟೆಯ ರಾಶಿ. ಗ್ಲೈಡರ್ ಹಗ್ಗ ಬಿಟ್ಟಾಗ ಹಗ್ಗ ಧೊಪ್ಪನೆ ಬಿದ್ದು ಸಿಕ್ಕು ಹಾಕಿಕೊಳ್ಳದಂತೆ ಅದರ ತುದಿಯಲ್ಲಿ ಕೊಡೆಯಷ್ಟಗಲದ ಒಂದು ಪ್ಯಾರಾಚೂಟ್ ಇರುತ್ತದೆ. ಅದನ್ನು ಹೊಲಿಯುವವರೂ ಅವರೇ. ಎರಡು ವರ್ಷದ ಹಿಂದೆ ತರಬೇತಿ ಗ್ಲೈಡರಿನ ಸೀಟಿಗೆ ಹೊಸ ಹೊದಿಕೆ ಬೇಕಾಗಿ, ಅಳತೆ ತೆಗೆಯಲು ಒಳಗೆ ಕೂತರು. ಕೂತವರು ಏಳಲೇ ಇಲ್ಲ.

“ಅಳತೆ ಆಯ್ತೇನಮ್ಮಾ ಅಂತ ಕೇಳ್ದೆ” ಎಂದು ನೆನೆಸಿಕೊಳ್ಳುತ್ತಾರೆ ಇಲ್ಲಿ ಹಾರಾಟ ಕಲಿಸುವ ಮೇಷ್ಟ್ರು. “ಆಯ್ತು ಮೇಷ್ಟ್ರೇ, ಆದ್ರೆ ಇಳಿಯೋಕೆ ಮನಸ್ಸಿಲ್ಲ ಅಂದ್ರು. ಸರಿ ಹಾಗಾದ್ರೆ, ಬೆಲ್ಟು ಕಟ್ಕೊಳ್ಳಿ ಅಂದೆ.”

ಆಗ ಅವರಿಗೆ ಐವತ್ತೊಂದು. ಈಗ ಐವತ್ತಮೂರು. ಮೇಷ್ಟ್ರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಅರವತ್ತಮೂರು ಸಲ ಹಾರಿದ್ದಾರೆ. ಆ ಅರವತ್ತಮೂರರಲ್ಲಿ ಒಂದನ್ನೂ ರಾಟೆಯಣ್ಣ ಎಳೆದಿಲ್ಲ. ಹೆಂಡತಿಯ ಸರದಿ ಬಂತೆಂದರೆ ಅವರು ವಿಂಚಿನಿಂದ ಇಳಿದು, ಇನ್ನೊಬ್ಬ ಕೆಲಸಗಾರನನ್ನು ಕೂರಿಸಿ, ಪ್ರಪಾತದ ಕಡೆ ಮುಖ ಮಾಡಿ ಚಹಾ ಕುಡಿಯುತ್ತ ನಿಲ್ಲುತ್ತಿದ್ದರು. ವಿಂಚಿನ ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ಒಂದು ಸಾಲು ಬರೆದಿದೆ: ತನ್ನವರನ್ನು ತಾನು ಎಳೆಯಬಾರದು. ಅದು ಯಾವ ಸರ್ಕಾರದ ಕಾನೂನೂ ಅಲ್ಲ, ಈ ಬಯಲಿನದೇ ಕಟ್ಟಳೆ. ಬರೆದವರು ರಾಟೆಯಣ್ಣನೇ.

ಹನ್ನೊಂದು ವರ್ಷದ ಹಿಂದೆ ಅವರ ಸ್ವಂತ ಅಣ್ಣ ಇಲ್ಲಿ ಹಾರಾಟ ಕಲಿಯುತ್ತಿದ್ದರು. ಒಂಟಿಯಾಗಿ ಹಾರುವ ಮೂರನೆಯ ದಿನ. ಹಗ್ಗದ ಆ ತುದಿಯಲ್ಲಿ ಅಣ್ಣನಿದ್ದಾನೆ ಎಂಬುದೇ ಎದೆಯಲ್ಲಿ ಕೂತು, ರಾಟೆಯಣ್ಣ ಅಂದು ಜೋಪಾನವಾಗಿ, ಮಗುವಿನ ತೊಟ್ಟಿಲು ತೂಗಿದ ಹಾಗೆ ಎಳೆದರು. ಅದೇ ತಪ್ಪು. ಮೂಗೆತ್ತಿ ಏರುವ ಗ್ಲೈಡರಿಗೆ ಎಳೆತವೇ ಉಸಿರು. ಎಳೆತ ಮೆದುವಾದರೆ ಅದು ಗಾಳಿಯಲ್ಲಿ ಜೋತುಬೀಳುತ್ತದೆ. ಈ ತೆಳು ಗಾಳಿಯಲ್ಲಂತೂ ಕೇಳುವುದೇ ಬೇಡ. ಇಪ್ಪತ್ತೈದು ಮೀಟರ್ ಮೇಲೆ ಅಣ್ಣ ಗಾಬರಿಯಾಗಿ ಹಗ್ಗ ಬಿಟ್ಟು, ಮೂಗು ಇಳಿಸಿ, ಹೇಗೋ ನೆಲ ಸೇರಿದರು. ಚಕ್ರ ಮುರಿಯಿತು. ಮೂರು ತಿಂಗಳು ಮಲಗಿದ್ದರು. ಈಗ ಕೆಳಗಿನ ಪಟ್ಟಣದಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡು ಗಟ್ಟಿಮುಟ್ಟಾಗಿದ್ದಾರೆ. ಫೋನಿನಲ್ಲಿ ಮಾತಾಡಿಸಿದರೆ ನಗುತ್ತ, “ಎಲ್ಲರಿಗೂ ತಮ್ಮನ ಪ್ರೀತಿ ಎದೆಯಲ್ಲಿರುತ್ತೆ, ನನಗೆ ಮಾತ್ರ ಸೊಂಟದಲ್ಲಿದೆ. ಮೋಡ ಕವಿದ್ರೆ ನೆನಪಾಗುತ್ತೆ” ಎನ್ನುತ್ತಾರೆ.

ಅಣ್ಣ ನಕ್ಕು ಮರೆತಿದ್ದನ್ನು ತಮ್ಮ ಮರೆತಿಲ್ಲ. “ಗುರುತಿಲ್ಲದವರನ್ನ ಎಳೆಯೋವಾಗ ನನ್ನ ಕೈ ಕೈಯಾಗಿರುತ್ತೆ. ನಮ್ಮೋರು ಅಂದ ತಕ್ಷಣ ಅದು ಅಮ್ಮ ಆಗಿಬಿಡುತ್ತೆ. ಅಮ್ಮ ಆದ್ರೆ ಆಯ್ತು, ಕೆಟ್ಟಿತು.”

ತೊಡಕು ಶುರುವಾಗಿದ್ದು ಇಲ್ಲೇ. ಇಂದು ಈ ಹಂಗಾಮಿನ ಕೊನೆಯ ದಿನ. ನಾಳೆಯಿಂದ ಬಯಲಿಗೆ ಐದು ತಿಂಗಳು ಬೀಗ. ಟೈಲರಮ್ಮ ಮೊದಲ ಸಲ ಒಂಟಿಯಾಗಿ ಹಾರಲು ತಯಾರಾಗಿದ್ದಾರೆಂದು ಮೇಷ್ಟ್ರು ಒಪ್ಪಿಗೆ ಕೊಟ್ಟದ್ದು ಮೊನ್ನೆ. ಬಿಟ್ಟರೆ ಐದು ತಿಂಗಳ ಮೇಲೆ ಮತ್ತೆ ಮೊದಲಿಂದ ಅಭ್ಯಾಸ, ಮತ್ತೆ ಪರೀಕ್ಷೆ. ವಿಂಚಿನ ಇನ್ನೊಬ್ಬ ಕೆಲಸಗಾರನ ಹೆಂಡತಿಗೆ ಮೂರು ದಿನದ ಹಿಂದೆ ಅವಳಿ ಹೆರಿಗೆಯಾಗಿ ಆತ ಕೆಳಗಿನ ಆಸ್ಪತ್ರೆಯಲ್ಲಿದ್ದಾನೆ. ಹಗ್ಗವನ್ನು ಜೀಪಿಗೆ ಕಟ್ಟಿ ಬಯಲಿನ ಆ ತುದಿಗೆ ಒಯ್ಯುವಾತನಿಗೂ ವಿಂಚ್ ನಡೆಸಲು ಬರುತ್ತದೆ. ಆದರೆ ಆತ ಟೈಲರಮ್ಮನ ಸ್ವಂತ ತಮ್ಮ.

ನಿನ್ನೆ ಸಂಜೆ ಆ ಮುಂದಿನ ಕೋಣೆಯಲ್ಲಿ ನಾಲ್ವರು ಕೂತಿದ್ದರು.

“ಐದು ತಿಂಗಳು ತಡಿ ಅಂತಾರೆ ನಿಮ್ಮ ಭಾವ” ಎಂದರು ಟೈಲರಮ್ಮ, ಗಂಡನ ಕಡೆ ನೋಡದೆ ತಮ್ಮನಿಗೆ. “ಮಡಚಿಟ್ಟು ಆಮೇಲೆ ಇಸ್ತ್ರಿ ಹಾಕಿ ಉಟ್ಕೊಳ್ಳೋಕೆ ನನ್ನ ಕೈ ಏನು ಬಟ್ಟೆನಾ?”

“ನಾನು ಎಳೀತೀನಿ ಅಕ್ಕ” ಎಂದ ತಮ್ಮ.

“ನೀನು ಬೇಡಪ್ಪ. ಚಿಕ್ಕಂದಿನಲ್ಲಿ ನನ್ನ ಜಡೆ ಎಳೆದಿದ್ದು ಸಾಕು.”

“ರೀ, ಏನಾದ್ರೂ ಹೇಳಿ” ಎಂದು ಕೊನೆಗೆ ಗಂಡನತ್ತ ತಿರುಗಿದರು. “ಮದುವೆಯಾಗಿ ಮೂವತ್ತು ವರ್ಷ ನನ್ನ ಮೇಲೆ ಒಂದು ದಿನಾನೂ ಮೆತ್ತಗಾಗ್ದೇ ಇದ್ದೋರು, ನಾಳೆ ಒಂದು ಮೂವತ್ತು ಸೆಕೆಂಡಿಗೆ ಮೆತ್ತಗಾಗಿಬಿಡ್ತೀರಾ?”

ರಾಟೆಯಣ್ಣ ನೆಲ ನೋಡುತ್ತಲೇ, “ಅದೇ ಭಯ ಕಣೇ” ಎಂದರು. ಯಂತ್ರದ ಮೇಲಿದ್ದ ಕತ್ತರಿಯನ್ನು ಟೈಲರಮ್ಮ ಅತ್ತಿಂದಿತ್ತ ಸರಿಸಿದರು. ಉಪಾಯ ಹೇಳಿದವರು ಮೇಷ್ಟ್ರು.

“ಬೆಳಿಗ್ಗೆ ಒಂದೇ ಹಳದಿ ಗ್ಲೈಡರಲ್ಲಿ ನಾಲ್ಕು ಜನ ಒಬ್ಬೊಬ್ಬರೇ ಹಾರ್ತೀವಿ. ನಾನು, ಹಲ್ಲಿನ ಡಾಕ್ಟ್ರು, ಪೋಸ್ಟಾಫೀಸಿನೋರು, ಟೈಲರಮ್ಮ. ಯಾರು ಮೊದಲು ಯಾರು ಕೊನೆ ಅಂತ ನಿಮಗೆ ಹೇಳೋದಿಲ್ಲ. ಏಳುನೂರು ಮೀಟರ್ ದೂರದಿಂದ ಮುಖ ಕಾಣ್ಸಲ್ಲ. ರೇಡಿಯೋ ಬಂದ್, ಬರೀ ದೀಪದ ಸನ್ನೆ. ನಾಲ್ಕೂ ಜನ ನಿಮಗೆ ಗುರುತಿಲ್ಲದವರು ಅಂದ್ಕೊಳ್ಳಿ.” ಎದ್ದು ಹೊರಟವರು ಗೋಡೆಯ ಮೊಳೆಗೆ ನೇತುಹಾಕಿದ್ದ ರಾಟೆಯಣ್ಣನ ಬೈನಾಕ್ಯುಲರನ್ನೂ ಹೆಗಲಿಗೇರಿಸಿಕೊಂಡರು. “ಇದು ನಾಳೆವರೆಗೆ ನನ್ನ ಹತ್ರ ಇರ್ಲಿ.”

ಬೆಳಿಗ್ಗೆ ಏಳೂವರೆ. ವಿಂಚಿನ ಸೀಟಿನಲ್ಲಿ ರಾಟೆಯಣ್ಣ. ಜಾಲರಿಯಾಚೆ ಬಯಲಿನ ಆ ತುದಿಯಲ್ಲಿ ಗೋಡೆಯ ಮುಂದೆ ಹಳದಿ ಚುಕ್ಕೆಯೊಂದು ಮತ್ತು ಅದರ ಸುತ್ತ ಇರುವೆಗಳಂತೆ ಜನ. ಕೈಕೆಳಗೆ ವೇಗದ ಕಡ್ಡಿ. ಅದರ ಪಕ್ಕದ ಹಿತ್ತಾಳೆ ಪಟ್ಟಿಯ ಮೇಲೆ ಅರದಿಂದ ಕೊರೆದ ಎರಡು ಗೀರುಗಳಿವೆ. ಮೇಲಿನದು ಇಬ್ಬರು ಕೂತಾಗ, ಕೆಳಗಿನದು ಒಬ್ಬರಿದ್ದಾಗ. “ಒಬ್ಬರೇ ಇದ್ರೆ ಹಗುರ, ಸ್ವಲ್ಪ ಕಮ್ಮಿ ಸಾಕು. ಆದ್ರೆ ಈ ಗೀರಿಂದ ಒಂದು ಕೂದಲೂ ಕೆಳಗಿಳಿಯಂಗಿಲ್ಲ. ಅವತ್ತು ಇಳಿದಿದ್ದೆ.”

ಗೋಡೆಯ ಬಳಿ ಬಿಳಿ ದೀಪ ನಿಧಾನ ಮಿಟುಕುತ್ತದೆ. ಹಗ್ಗ ಬಿಗಿ ಮಾಡು ಎಂದು ಅರ್ಥ. ಉರುಳೆ ಮೆಲ್ಲನೆ ತಿರುಗಿ, ಹುಲ್ಲಿನಲ್ಲಿ ಸಡಿಲವಾಗಿದ್ದ ಹಗ್ಗ ಹಾವಿನಂತೆ ನೆಟ್ಟಗಾಗುತ್ತದೆ. ದೀಪ ಬೇಗಬೇಗ ಮಿಟುಕುತ್ತದೆ. ಎಳಿ! ಕಡ್ಡಿ ಕೆಳಗಿನ ಗೀರಿಗೆ ಹೋಗಿ ನಿಲ್ಲುತ್ತದೆ. ಎಂಜಿನ್ ಅಬ್ಬರಿಸುತ್ತದೆ, ಸೀಟಿನ ಕೆಳಗಿನ ಕಬ್ಬಿಣ ನಡುಗುತ್ತದೆ. ಹಳದಿ ಚುಕ್ಕೆ ನೆಲ ಬಿಟ್ಟು ನಮ್ಮತ್ತಲೇ ಓಡಿಬಂದು, ಮೂಗೆತ್ತಿ, ದುಂಡಗೆ ತಿರುಗಿ ಏರುತ್ತದೆ. ಏರುತ್ತ ಏರುತ್ತ ತಲೆಯ ಮೇಲೆಯೇ ಬಂದಾಗ ರಾಟೆಯಣ್ಣ ಕಡ್ಡಿ ಸಡಿಲಿಸುತ್ತಾರೆ. ಹಗ್ಗ ಕಳಚುತ್ತದೆ. ಪುಟ್ಟ ಪ್ಯಾರಾಚೂಟ್ ಅರಳುತ್ತದೆ. ಹಗ್ಗವನ್ನು ಸರಸರ ಸುತ್ತಿಕೊಂಡ ಎಂಜಿನ್ ಗುಡುಗುಡು ನಿಲ್ಲುತ್ತದೆ.

ಆಗ ಬರುವ ಮೌನ ಬೇರೆಯದೇ. ಮೇಲೆ ಒಬ್ಬ ಮನುಷ್ಯ ಗಾಳಿಯಲ್ಲಿದ್ದಾನೆ, ಕೆಳಗೆ ಯಾವ ಸದ್ದೂ ಇಲ್ಲ. ರೆಕ್ಕೆ ಗಾಳಿಯನ್ನು ಸೀಳುವ ಸಣ್ಣ ಸುಯ್ಯೆಂಬ ದನಿ ಮಾತ್ರ. ಹದಿನಾರು ವರ್ಷವಾದರೂ ರಾಟೆಯಣ್ಣ ಆ ದನಿಗೆ ಕತ್ತೆತ್ತುತ್ತಾರೆ. ಒಳ್ಳೆಯ ಕಿವಿಯನ್ನೇ ಅತ್ತ ತಿರುಗಿಸುತ್ತಾರೆ.

“ಇದು ಮೇಷ್ಟ್ರು” ಎಂದು ನಿರಾಳವಾಗಿ ಹೇಳುತ್ತಾರೆ. “ಹಗ್ಗ ಒಂಚೂರೂ ಅದುರಲಿಲ್ಲ ನೋಡಿದ್ರಾ? ಬೆಣ್ಣೇಲಿ ಕೂದಲು ತೆಗೆದ ಹಾಗೆ. ಮೂವತ್ತು ವರ್ಷದ ಕೈ ಅದು.”

ಆರು ನಿಮಿಷದಲ್ಲಿ ಗ್ಲೈಡರ್ ಆ ತುದಿಯಲ್ಲಿ ಇಳಿಯುತ್ತದೆ. ಅಷ್ಟರಲ್ಲಿ ಹಗ್ಗದ ತುದಿ ಒಯ್ಯಲು ಜೀಪು ಬಂದಿದೆ. ಟೈಲರಮ್ಮನ ತಮ್ಮ ಮುಖಕ್ಕೆ ಕಣ್ಣು ಬಿಟ್ಟು ಉಳಿದೆಲ್ಲ ಮುಚ್ಚುವಂತೆ ಟವೆಲ್ ಬಿಗಿದುಕೊಂಡಿದ್ದಾನೆ.

“ಏನಯ್ಯಾ ಇದು ವೇಷ?”

“ನನ್ನ ಮುಖ ನೋಡ್ಬೇಡಿ ಭಾವ. ನನ್ನ ಮುಖದಲ್ಲಿ ಗುಟ್ಟು ನಿಲ್ಲಲ್ಲ ಅಂತ ಅಕ್ಕಾನೇ ಕಟ್ಟಿ ಕಳಿಸಿದ್ದು.” ಹಗ್ಗದ ಕೊಂಡಿ ಸಿಕ್ಕಿಸಿಕೊಂಡು ಬಂದಷ್ಟೇ ಬೇಗ ಓಡಿಹೋಗುತ್ತಾನೆ.

ಎರಡನೆಯದು. ದೀಪ, ಹಗ್ಗ, ಅಬ್ಬರ. ಅರ್ಧ ಏರಿದ್ದೇ ಗ್ಲೈಡರಿನ ಬಾಲ ಅತ್ತ ಇತ್ತ ಅಲ್ಲಾಡುತ್ತದೆ. ಎಳೆತ ಜೋರಾಯಿತು ಎಂದು ಮೇಲಿನವರು ಹೇಳುವ ರೀತಿ ಅದು. ನೋಡಿದರೆ ಕಡ್ಡಿ ಗೀರಿಗಿಂತ ಬೆರಳಷ್ಟು ಮುಂದೆ ಹೋಗಿದೆ. ಮೆತ್ತಗಾಗಬಾರದೆಂಬ ಹಟಕ್ಕೆ ಬಿದ್ದ ಕೈ ತಾನೇ ತಾನಾಗಿ ತಳ್ಳಿಬಿಟ್ಟಿದೆ. ಹಿಂದಕ್ಕೆ ತಂದು ನಿಲ್ಲಿಸುತ್ತಾರೆ. ಎಂಜಿನ್ ನಿಂತ ಮೇಲೆ ಅವರ ಮುಖದ ತುಂಬ ನಗು.

“ಇವಳೇ! ನೋಡಿದ್ರಾ ಬೈದಿದ್ದು? ಮನೇಲೂ ಹೀಗೇ, ಏನು ಮಾಡಿದ್ರೂ ಜಾಸ್ತಿಯಾಯ್ತು ಅಂತಾಳೆ!” ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. “ಮುಗೀತು. ಎಳೆದುಬಿಟ್ಟೆ.”

ಜೀಪಿನಿಂದ ಇಳಿದ ಭಾವಮೈದುನ ಆ ಸಂಭ್ರಮ ನೋಡಿ ಟವೆಲ್ಲಿನೊಳಗೇ ಕುಲುಕುಲು ನಗತೊಡಗುತ್ತಾನೆ. ತಡೆಯಲಾರದೆ ಟವೆಲ್ ಕೆಳಗೆಳೆಯುತ್ತಾನೆ. “ಅಕ್ಕ ಅಲ್ಲ ಭಾವ, ಅದು ಹಲ್ಲಿನ ಡಾಕ್ಟ್ರು! ‘ಜನರ ಹಲ್ಲು ಕೀಳೋನು ನಾನು, ನನ್ನ ಹಲ್ಲನ್ನೇ ಉದುರಿಸ್ತಾರಲ್ಲಪ್ಪ ನಿಮ್ಮ ಭಾವ’ ಅಂತ ಕೂಗಾಡ್ತಾರೆ ಈಗ ಇಳಿದ ಮೇಲೆ.” ಆಡಬಾರದ್ದು ಆಡಿಬಿಟ್ಟೆ ಎಂದು ಅರಿವಾಗಿ ಬಾಯಿಗೆ ಕೈ ಮುಚ್ಚಿಕೊಂಡು ಜೀಪು ಹತ್ತುತ್ತಾನೆ.

ರಾಟೆಯಣ್ಣನ ನಗು ಅಲ್ಲೇ ನಿಲ್ಲುತ್ತದೆ.

ಮೂರನೆಯ ಸಲ ಗ್ಲೈಡರ್ ನೆಲ ಬಿಟ್ಟ ಕೂಡಲೇ ಎಡಕ್ಕೆ ವಾಲುತ್ತದೆ. ಕಡ್ಡಿ ಗೀರಿನ ಮೇಲೆ ಕಚ್ಚಿ ಕೂತಿದೆ. ಹಗ್ಗ ಕಳಚಿದಾಗ ಗ್ಲೈಡರ್ ಬಯಲಿನ ನಡುಗೆರೆಯಿಂದ ಬಹಳ ದೂರ ಹೋಗಿದೆ. ಅವರು ಬೆರಳು ಮಡಚುತ್ತಾರೆ. “ಪೋಸ್ಟಾಫೀಸು. ಎಡಕ್ಕೆ ಹೋಗೋದು ಅವರ ಹುಟ್ಟುಗುಣ. ಇಪ್ಪತ್ತು ಸಲ ಹೇಳಿದೀನಿ, ಕಾಗದ ಹಂಚೋ ಹಾಗೆ ಪಕ್ಕದ ಓಣಿಗೆ ಹೋಗ್ಬೇಡಿ ಸಾರ್ ಅಂತ.”

ಮಾತು ತಮಾಷೆಯದು, ಮುಖ ಮಾತ್ರ ಅಲ್ಲ. ಮೇಷ್ಟ್ರು ಆಯಿತು, ಡಾಕ್ಟರು ಆಯಿತು, ಪೋಸ್ಟಾಫೀಸು ಆಯಿತು. ಉಳಿದದ್ದು ಒಬ್ಬರೇ. ಗುರುತಿಲ್ಲದಂತೆ ಎಳೆಯಲಿ ಎಂದು ಕಟ್ಟಿದ ಉಪಾಯವೇ ಈಗ ಕೊನೆಯ ಸರದಿಯಲ್ಲಿ ಯಾರಿದ್ದಾರೆಂದು ಖಚಿತವಾಗಿ ಹೇಳಿಬಿಟ್ಟಿದೆ. ಈ ಸಲ ಜೀಪಿನವನು ಬಂದಾಗ ಅವರು ಅವನ ಮುಖ ನೋಡುವುದಿಲ್ಲ, ಅವನೂ ಇವರ ಮುಖ ನೋಡುವುದಿಲ್ಲ. ಜೀಪು ಹಗ್ಗವನ್ನು ಎಳೆದುಕೊಂಡು ದೂರ ದೂರ ಹೋಗುತ್ತದೆ.

ರಾಟೆಯಣ್ಣ ಸೀಟಿನಿಂದ ಕೆಳಗಿಳಿಯುತ್ತಾರೆ. ಉರುಳೆಯ ಸುತ್ತ ಒಂದು ಸುತ್ತು ಬರುತ್ತಾರೆ. ಪ್ರಪಾತದ ಅಂಚಿಗೆ ಹೋಗಿ ನಿಲ್ಲುತ್ತಾರೆ. ಕೆಳಗೆ ಮೋಡ ಒಡೆಯುತ್ತಿದೆ. ಬೇಡ ಎಂದು ಕೆಂಪು ಬಾವುಟ ಎತ್ತಿದರೆ ಯಾರೂ ಅವರನ್ನು ದೂರುವುದಿಲ್ಲ. ಟೈಲರಮ್ಮ ಗೊಣಗುತ್ತಾರೆ, ಐದು ತಿಂಗಳು ಕಾಯುತ್ತಾರೆ, ಅಷ್ಟೆ. ಬಾವುಟ ಸೀಟಿನ ಪಕ್ಕದಲ್ಲೇ ಸಿಕ್ಕಿಸಿದೆ. ಅವರು ವಾಪಸು ಬಂದು ಕೂರುತ್ತಾರೆ. ಬಾವುಟದ ಕಡೆ ನೋಡುವುದಿಲ್ಲ.

“ಅರವತ್ತಮೂರು ಸಲ ಬೆನ್ನು ತಿರುಗಿಸಿ ನಿಂತಿದ್ದೆ” ಎಂದು ತಮಗೇ ಎಂಬಂತೆ ಹೇಳುತ್ತಾರೆ. “ಚಹಾನೂ ಸೇರ್ತಿರಲಿಲ್ಲ ಆಗ. ಸುಮ್ನೆ ಲೋಟ ಹಿಡ್ಕೊಂಡಿರ್ತಿದ್ದೆ.”

ದೀಪ ನಿಧಾನ ಮಿಟುಕುತ್ತದೆ. ಹಗ್ಗ ಬಿಗಿಯಾಗುತ್ತದೆ. ದೀಪ ಬೇಗಬೇಗ ಮಿಟುಕುತ್ತದೆ.

ಕಡ್ಡಿ ಗೀರಿಗೆ ಹೋಗುತ್ತದೆ. ಅದನ್ನು ಹಿಡಿದ ಬಲಗೈಯ ಮಣಿಕಟ್ಟನ್ನು ರಾಟೆಯಣ್ಣ ಎಡಗೈಯಿಂದ ಅದುಮಿ ಹಿಡಿದಿದ್ದಾರೆ, ಯಾರದೋ ಕೈ ಹಿಡಿದ ಹಾಗೆ. ಹಳದಿ ಗ್ಲೈಡರ್ ಓಡಿಬರುತ್ತದೆ, ಮೂಗೆತ್ತುತ್ತದೆ. ಹತ್ತು ಮೀಟರ್. ಇಪ್ಪತ್ತೈದು. ಅಣ್ಣ ಜೋತುಬಿದ್ದ ಎತ್ತರ ಇದೇ. ಕೈ ಗೀರಿನಿಂದ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಅವರ ತುಟಿ ಅಲ್ಲಾಡುತ್ತಿದೆ. ಎಂಜಿನ್ನಿನ ಅಬ್ಬರದಲ್ಲಿ ಏನೂ ಕೇಳಿಸುವುದಿಲ್ಲ. ನೂರು. ನೂರೈವತ್ತು. ಬಾಲ ಅಲ್ಲಾಡುವುದಿಲ್ಲ. ತಲೆಯ ಮೇಲೆ ಹಗ್ಗ ಕಳಚುತ್ತದೆ, ಪ್ಯಾರಾಚೂಟ್ ಅರಳುತ್ತದೆ. ಹಗ್ಗವನ್ನು ಕೊನೆಯವರೆಗೂ ಸುತ್ತಿ, ಎಂಜಿನ್ ಆರಿಸಿ, ಆಮೇಲಷ್ಟೇ ಅವರು ಕೈ ಬಿಡುತ್ತಾರೆ. ಬಲಗೈಯ ಮಣಿಕಟ್ಟಿನ ಮೇಲೆ ನಾಲ್ಕು ಬೆರಳ ಗುರುತು ಮೂಡಿದೆ.

ಕತ್ತೆತ್ತಿ ನೋಡುತ್ತಾರೆ. ಗ್ಲೈಡರ್ ನಿಧಾನ ಸುತ್ತು ಹಾಕುತ್ತಿದೆ. ಕಣ್ಣಿಂದ ನೀರು ಇಳಿದು ಮೀಸೆಗೆ ಬಂದರೂ ಒರೆಸಿಕೊಳ್ಳುವುದಿಲ್ಲ. “ಹೋದ್ಲು” ಎನ್ನುತ್ತಾರೆ. “ನಮ್ಮನೆಯೋಳು ಹೋದ್ಲು ಮೇಲೆ.”

ಆ ಹೊತ್ತಿಗೆ ಜೀಪಿನ ಸದ್ದು. ಟವೆಲ್ ಇಲ್ಲದ ಭಾವಮೈದುನ ಹಲ್ಲು ಕಿರಿಯುತ್ತ ಗಾಡಿ ನಿಲ್ಲಿಸುತ್ತಾನೆ. ಅವನ ಪಕ್ಕದ ಸೀಟಿನಿಂದ, ಸ್ವೆಟರಿಗೆ ಅಂಟಿದ ಹುಲ್ಲುಕಡ್ಡಿ ಕೊಡವಿಕೊಳ್ಳುತ್ತ, ಟೈಲರಮ್ಮ ಇಳಿಯುತ್ತಾರೆ.

ರಾಟೆಯಣ್ಣ ಹೆಂಡತಿಯನ್ನು ನೋಡುತ್ತಾರೆ. ಮೇಲೆ ಹಾರುತ್ತಿರುವ ಗ್ಲೈಡರನ್ನು ನೋಡುತ್ತಾರೆ. ಮತ್ತೆ ಹೆಂಡತಿಯನ್ನು ನೋಡುತ್ತಾರೆ.

“ಏನ್ರೀ ಹಾಗೆ ನೋಡ್ತೀರಿ, ದೆವ್ವ ಕಂಡೋರ ಹಾಗೆ?”

“ನೀನು ಇಲ್ಲಿದ್ರೆ... ಮೇಲಿರೋದು ಯಾರೇ?”

“ಮೇಷ್ಟ್ರು ಭಾವ!” ಎಂದು ತಮ್ಮ ನಡುವೆ ಬಾಯಿ ಹಾಕುತ್ತಾನೆ. “ಅಕ್ಕ ಮೊದಲ್ನೇ ಸರದೀಲೇ ಹೋಗಿಬಂದು ಆಗ್ಲೇ ಮುಕ್ಕಾಲು ಗಂಟೆ ಆಯ್ತು. ಕೊನೇ ಸರದಿ ಬರೋ ಹೊತ್ತಿಗೆ ನೀವು ಲೆಕ್ಕ ಹಾಕಿ ಅದು ಅಕ್ಕಾನೇ ಅಂದ್ಕೊಳ್ತೀರಿ ಅಂತ ಮೇಷ್ಟ್ರಿಗೆ ಗೊತ್ತಿತ್ತು. ಪ್ರೀತಿ ಉಕ್ಕಿ ಕೈ ತಪ್ಪಿದ್ರೂ ನನ್ನ ಮೇಲೇ ತಪ್ಪಲಿ, ನಾನಾದ್ರೆ ಸಂಭಾಳಿಸ್ತೀನಿ ಅಂತ ಕೊನೇಗೆ ಅವರೇ ಕೂತ್ರು.”

ರಾಟೆಯಣ್ಣ ಮತ್ತೆ ಕತ್ತೆತ್ತಿ ಮೇಲೆ ನೋಡುತ್ತಾರೆ. ಗ್ಲೈಡರ್ ಗೋಡೆಯ ಕಡೆಗೆ ಇಳಿಯತೊಡಗಿದೆ. ಅವರ ಭುಜ ಕುಣಿಯತೊಡಗುತ್ತದೆ. ಅಳುವೋ ನಗುವೋ ಒಂದು ಕ್ಷಣ ತಿಳಿಯುವುದಿಲ್ಲ. ನಗು. ಹೊಟ್ಟೆಯೊ‍ಳಗಿಂದ ಎದ್ದು ಬಂದ, ತಡೆಯಿಲ್ಲದ ನಗು.

ಟೈಲರಮ್ಮ ಅದು ನಿಲ್ಲುವವರೆಗೆ ಕಾಯುತ್ತಾರೆ. ಆಮೇಲೆ, ಅಂಗಡಿಯಲ್ಲಿ ಬಟ್ಟೆಯ ದರ ಕೇಳುವಷ್ಟು ಸಾಮಾನ್ಯವಾಗಿ ಕೇಳುತ್ತಾರೆ: “ಮೊದಲನೇದು ಹೇಗಿತ್ತು?”

“ಮೊದಲನೇದಾ?” ರಾಟೆಯಣ್ಣ ಮೀಸೆ ಒರೆಸಿಕೊಳ್ಳುತ್ತಾರೆ. “ಅದು ಮೇಷ್ಟ್ರು ಅಂದ್ಕೊಂಡಿದ್ದೆ ಕಣೇ. ಬೇಕಿದ್ರೆ ಇವರನ್ನೇ ಕೇಳು. ಮೂವತ್ತು ವರ್ಷದ ಕೈ ಅಂತ ಹೇಳಿದ್ದೆ.”

ಟೈಲರಮ್ಮ ವಿಂಚಿನ ಜಾಲರಿಗೆ ಬೆರಳು ಸಿಕ್ಕಿಸಿಕೊಂಡು ಬಯಲಿನ ಕಡೆ ನೋಡುತ್ತ ನಿಲ್ಲುತ್ತಾರೆ. ತಮ್ಮ ಏನೋ ಹೇಳಲು ಬಾಯಿ ತೆರೆದವನು ಅಕ್ಕನ ಮುಖ ನೋಡಿ, ಹಗ್ಗದ ಕೊಂಡಿ ಹುಡುಕುವ ನೆಪದಲ್ಲಿ ಆಚೆ ಹೋಗುತ್ತಾನೆ. ಗ್ಲೈಡರ್ ಗೋಡೆಯ ಮುಂದೆ ನೆಲ ಮುಟ್ಟಿ, ಉರುಳಿ, ಒಂದು ರೆಕ್ಕೆಯನ್ನು ಹುಲ್ಲಿಗೆ ಒರಗಿಸಿ ನಿಲ್ಲುತ್ತದೆ.

“ಇನ್ನೊಂದು ಸಲ ಹೋಗ್ತೀನಿ” ಎನ್ನುತ್ತಾರೆ ಟೈಲರಮ್ಮ, ಕೊನೆಗೆ. “ಈ ಸಲ ನಾನು ಅಂತ ಗೊತ್ತಿದ್ದೇ ಎಳೀರಿ. ಈಗಲೇ.”

ರಾಟೆಯಣ್ಣ ಆಗಲೇ ಸೀಟು ಹತ್ತಿ ಕೂತಿದ್ದಾರೆ. ಬಯಲಿನ ಆ ತುದಿಯಲ್ಲಿ, ಹಂಗಾಮಿನ ಕೊನೆಯ ದಿನವೆಂದು ಹಾರಲು ಬೆಳಿಗ್ಗೆಯೇ ಬಂದ ಜನ ಗೋಡೆಯುದ್ದಕ್ಕೂ ನಿಂತಿರುವುದು ಇಲ್ಲಿಂದಲೇ ಕಾಣುತ್ತದೆ. ಅವರು ಕಣ್ಣು ಕಿರಿದು ಮಾಡಿ ಎಣಿಸುತ್ತಾರೆ.

“ಸಾಲಲ್ಲಿ ಬಾ” ಎನ್ನುತ್ತಾರೆ. “ನಿನ್ನ ಮುಂದೆ ಏಳು ಜನ ಇದ್ದಾರೆ.”